ಹನ್ನೆರಡು ಹೆಂಗಸರ ಆಣೆ

ಪೊಡ್ಗೋರ ಸಂಸ್ಥಾನದ ಅಳಿವು ಉಳಿವಿನ ಪ್ರಶ್ನೆಯೊಂದು ಮೂರು ದಿನಗಳಿಂದ ಇತ್ಯರ್ಥವಾಗದೆ ಕುಳಿತಿತ್ತು: ಮದುಮಗನ ಪರವಾಗಿ ಬಂದ ರಾಯಭಾರಿ ಮದುಮಗಳ ಹಾಸಿಗೆಯೊಳಗೆ ಇಡಬೇಕಾದದ್ದು ಬಲಗಾಲನ್ನೋ ಎಡಗಾಲನ್ನೋ. ಮದುಮಗ, ಅಂದರೆ ಮಲೆಯಾಚೆಯ ದೊರೆ ಗೆರೋಲ್ಡ್, ತಾನೇ ಬರುವವನಲ್ಲ. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ ನಲವತ್ತೊಂದು ವರ್ಷದವನಿಗೆ ಕಣಿವೆ ಇಳಿದು ಬರುವಷ್ಟು ಬಿಡುವಿರಲಿಲ್ಲ. ಅವನ ಬದಲಿಗೆ ಬಂದ ಸರದಾರ ವೋಲ್ಫ್‌ಹಾರ್ಟ್ ಆರು ಜನ ಸಾಕ್ಷಿಗಳ ಎದುರು ಮೊಣಕಾಲಿನವರೆಗೆ ಕಾಲು ಬರಿದು ಮಾಡಿ, ಮಲಗಿದ ಮದುಮಗಳ ಹೊದಿಕೆಯ ಕೆಳಗೆ ಒಂದು ಗಳಿಗೆ ಇಟ್ಟು ತೆಗೆದರೆ ಮದುವೆ ಪಕ್ಕಾ. ಹಾಗೆ ಪಕ್ಕಾ ಆದ ಮೇಲೆಯೇ ಕಣಿವೆಯ ಬಾಯಲ್ಲಿ ಬೀಡುಬಿಟ್ಟ ಮುನ್ನೂರು ಭರ್ಜಿಯವರು ಕೆಳಗಿಳಿದು ಬಂದರನ್ನು ಕಾಯತಕ್ಕದ್ದು. ಗೆರೋಲ್ಡನ ಕಡೆಯವರ ಪದ್ಧತಿಯಲ್ಲಿ ಬಲಗಾಲು. ಆದರೆ ಸರದಾರನ ಬಲಗಾಲು ವಾತದಿಂದ ಊದಿ ಕೋಸಿನೆಲೆಯ ಪಟ್ಟಿಯೊಳಗಿತ್ತು, ಆ ಪಟ್ಟಿಗೆ ವಾಸನೆಯೂ ಇತ್ತು. ಎಡಗಾಲಾಗಬಹುದೆಂದರೆ ಬಿಷಪ್ಪರ ಕಡೆಯ ಪಾದ್ರಿ ಗ್ರುಬೆಶಾ ಒಪ್ಪಲಿಲ್ಲ; ಕಡೆಯ ತೀರ್ಪಿನ ದಿನ ನರಕಕ್ಕೆ ಹೋಗುವ ಆಡುಗಳು ನಿಲ್ಲುವುದು ಎಡಕ್ಕಂತೆ.

"ಕೋಸು ಬಿಚ್ಚಿ ಬಲಗಾಲೇ ಇಡಲಿ ಬಿಡ್ರಪ್ಪ," ಪಕ್ಕದ ಕೋಣೆಯಿಂದ ಚಿಕ್ಕಪ್ಪ ವಿತೋಮಿರನ ದನಿ ಕೇಳಿಸಿತು. "ಒಂದು ಗಳಿಗೆ ಮೂಗು ಮುಚ್ಕೊಂಡ್ರೆ ಹುಡುಗಿ ಏನು ಸತ್ತುಹೋಗ್ತಾಳಾ?"

"ಹುಡುಗಿ ಮಾತಲ್ಲ ಸ್ವಾಮಿ, ಸರದಾರರು ನೋವಿಗೆ ಕಿರುಚಿಬಿಟ್ರೆ? ಸಾಕ್ಷಿಗಳು ಏನಂತ ಬರೆಸಬೇಕು?" ಎಂದಿತು ಇನ್ನೊಂದು ದನಿ.

ಮದುಮಗಳು ವೆಕೆನೇಗ ನಗಬಾರದೆಂದುಕೊಂಡಳು, ನಕ್ಕಳು. ತಲೆ ಅಲುಗಿ ಬಾಚಣಿಗೆ ಸಿಕ್ಕಿನಲ್ಲಿ ಎಳೆಯಿತು. ಹಿಂದೆ ನಿಂತಿದ್ದ ದಾದಿ ರಾದಾಚ "ನೆಟ್ಟಗೆ ಕೂತ್ಕೊ" ಎಂದು ಭುಜಕ್ಕೆ ಮೊಟಕಿದಳು. ಹದಿನೇಳು ವರ್ಷಗಳಿಂದ ಮೊಟಕಿದ ಹಾಗೆಯೇ. ಹೋದ ಚಳಿಗಾಲ ಅಪ್ಪ ತೀರಿಕೊಂಡು ಇವಳು ಇಡೀ ಸೀಮೆಗೆ ಹಕ್ಕುದಾರಳಾದ ಸುದ್ದಿ ಆ ಗೆಣ್ಣುಗಳನ್ನು ಇನ್ನೂ ಮುಟ್ಟಿರಲಿಲ್ಲ. ನಗು ನಿಂತ ಮೇಲೆ ವೆಕೆನೇಗಳಿಗೆ ಹೊಳೆದದ್ದು ಇದು: ಮೂರು ದಿನದಿಂದ ಅವರು ಶನಿವಾರದ ಕಾಲಿನ ಬಗ್ಗೆಯೇ ಮಾತಾಡುತ್ತಿದ್ದಾರೆ, ಈವತ್ತು ಮಧ್ಯಾಹ್ನದ ಬಗ್ಗೆ ಒಬ್ಬನೂ ಒಂದು ಮಾತೆತ್ತಿಲ್ಲ. ಅದು ಮುಗಿದೇ ಹೋಗಿದೆಯೇನೋ ಎಂಬಂತೆ. ಮಧ್ಯಾಹ್ನ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, ಶಿಲುಬೆಯ ಮೇಲೆ ಕೈಯಿಟ್ಟು, ತೋಲ್ಯೆನ್‌ಗೆ ತಾನು ಯಾವತ್ತೂ ಹೆಂಡತಿಯಾಗಿರಲಿಲ್ಲವೆಂದು ಅವಳು ಹೇಳಬೇಕು. ಅವಳ ಹಿಂದೆ ಹನ್ನೆರಡು ಹೆಂಗಸರು ಒಬ್ಬೊಬ್ಬರಾಗಿ ಬಂದು "ಇವಳಿಟ್ಟ ಆಣೆ ಶುದ್ಧ" ಎಂದು ಅದೇ ಶಿಲುಬೆಗೆ ಕೈ ಇಡಬೇಕು. ಹೇಳಿದರೆ ಮದುವೆ, ಭರ್ಜಿಯವರು, ಬಂದರು. ಹೇಳಿದರೆ ಇನ್ನೊಂದು: ಇವಳು ತನ್ನ ಹೆಂಡತಿಯೆಂದು ವಸಂತದಲ್ಲಿ ಆಣೆಯಿಟ್ಟ ತೋಲ್ಯೆನ್ ಸುಳ್ಳಾಣೆಯವನಾಗುತ್ತಾನೆ. ಪೊಡ್ಗೋರದ ಕಟ್ಟಳೆಯಲ್ಲಿ ಸುಳ್ಳಾಣೆಯವನ ಕೈ ಕಡಿಯುವುದಿಲ್ಲ, ನಾಲಗೆ ಸೀಳುವುದಿಲ್ಲ. ಇನ್ನು ಮೇಲೆ ಅವನ ಮಾತನ್ನು ಯಾರೂ ನಂಬತಕ್ಕದ್ದಲ್ಲ ಎಂದು ಸಾರುತ್ತಾರೆ, ಅಷ್ಟೇ. ಅಂಥವನೊಬ್ಬ ಕೋಟೆಯ ಕೆಳಗೆ ಬಲೆ ಹೆಣೆಯುತ್ತಿದ್ದುದು ಅವಳಿಗೆ ನೆನಪಿದೆ. ಕುದುರೆ ಕೊಳ್ಳಲಾರ, ಮಗುವಿನ ದೀಕ್ಷಾಸ್ನಾನಕ್ಕೆ ಜ್ಞಾನಪಿತನಾಗಿ ನಿಲ್ಲಲಾರ. ಬೆಂಕಿ ಬಿದ್ದಿದೆಯೆಂದು ಕೂಗಿದರೂ ಜನ ಮೊದಲು ತಾವೇ ಹೋಗಿ ನೋಡಿ ಬರುತ್ತಿದ್ದರು. ಕೊನೆಗೆ ಅವನು ಮಾತಾಡುವುದನ್ನೇ ಬಿಟ್ಟ. ಹುಡುಗಿಯಾಗಿದ್ದಾಗ ಅವಳೂ ಅವನನ್ನು ಮೂಕನೆಂದೇ ತಿಳಿದಿದ್ದಳು.

"ನೀನೂ ಬರ್ತೀಯಲ್ಲ ಸಾಲಿಗೆ?" ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟಳು.

"ಬರದೆ? ಹಾಲು ಕುಡಿಸಿದವಳೇ ಇಲ್ಲ ಅಂದ್ರೆ ಊರು ಏನಂದೀತು." ರಾದಾಚ ಬಾಚಣಿಗೆಯ ಕೂದಲು ತೆಗೆದು ಉಂಡೆ ಮಾಡಿದಳು. "ನನ್ನ ಆತ್ಮ ಬಿಡು ಕೂಸೆ, ಹಳೇ ಗೋಣಿಚೀಲ. ಇನ್ನೊಂದು ತೂತು ಬಿದ್ರೆ ಯಾರಿಗೆ ಕಾಣುತ್ತೆ?"

"ಆವತ್ತು ನೀನು ನಕ್ಕಿದ್ದೆ."

"ನಗದೇ ಏನ್ಮಾಡ್ಲಿ? ಇಬ್ಬರ ಬಾಯಲ್ಲೂ ರೊಟ್ಟಿ ಇತ್ತು."

ಬಾಯಲ್ಲಿ ರೊಟ್ಟಿ ಇದ್ದದ್ದು ನಿಜ. ಬಾರ್ಲಿ ರೊಟ್ಟಿ, ಮೇಲೆ ಕುರಿಗಿಣ್ಣು. ಬೇಸಿಗೆಗೆ ಮಂದೆಯ ಜೊತೆ ಅರಮನೆಯವರೂ ಮೇಲಿನ ಹುಲ್ಲುಗಾವಲಿಗೆ ಏರುತ್ತಿದ್ದ ಕಾಲ. ತೋಲ್ಯೆನ್ ಒಂದು ದ್ವೀಪದ ಸಣ್ಣ ಪಾಳೆಯಗಾರನ ಎರಡನೆಯ ಮಗ. ಅವಳಿಗೆ ಏಳಾಗಿದ್ದಾಗ ದೊಡ್ಡವರು ಮಾತಾಡಿ ನಿಶ್ಚಯ ಮಾಡಿ, ಅವನನ್ನು ಇಲ್ಲೇ ಬೆಳೆಯಲು ಬಿಟ್ಟು ಹೋಗಿದ್ದರು. ಏಳರ ನಿಶ್ಚಯಕ್ಕೆ ಬೆಲೆಯಿಲ್ಲ, ಅದು ದೊಡ್ಡವರ ಮಾತು, ದೊಡ್ಡವರೇ ಮುರಿಯಬಹುದು. ಆದರೆ ಆ ಬೇಸಿಗೆ ಅವಳಿಗೆ ಹದಿಮೂರು. ಹನ್ನೆರಡು ತುಂಬಿದ ಹುಡುಗಿ ಒಬ್ಬ ಸಾಕ್ಷಿಯ ಎದುರು ಒಬ್ಬನನ್ನು ಗಂಡನೆಂದು ಒಪ್ಪಿ ಒಂದೇ ರೊಟ್ಟಿ ಮುರಿದು ತಿಂದರೆ ಇಗರ್ಜಿಯ ಲೆಕ್ಕದಲ್ಲಿ ಅದು ಮದುವೆ, ಪಾದ್ರಿಯೂ ಬೇಕಿಲ್ಲ, ಹಾಸಿಗೆಯೂ ಬೇಕಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ. ಮಠಕ್ಕೆ ಓದಲು ಹೋದ ತೋಲ್ಯೆನ್‌ಗೆ ಮೂರು ವರ್ಷದ ಮೇಲೆ ಪುಸ್ತಕದಿಂದ ಗೊತ್ತಾಯಿತು. ಗೊತ್ತಿಲ್ಲದೆ ಆಡಿದ್ದು ಆಟವೆಂದು ಹೇಳಬಹುದು. ಚಿಕ್ಕಪ್ಪ ಹಾಗೇ ಹೇಳುತ್ತಾನೆ. ಅವಳೂ ಎಷ್ಟೋ ಸಲ ಹಾಸಿಗೆಯಲ್ಲಿ ಹೊರಳಿ ಅದನ್ನು ಆಟವನ್ನಾಗಿ ಮಾಡಲು ನೋಡಿದ್ದಾಳೆ. ಆ ದಿನ ದವಡೆ ಹಲ್ಲು ನೋಯುತ್ತಿದ್ದದ್ದು, ಗಿಣ್ಣು ಹುಳಿಯಾಗಿದ್ದದ್ದು, ಒಂದು ಟಗರು ಬಂದು ಅವನ ಅಂಗಿಯ ತುದಿ ಜಗಿದದ್ದು, ಎಲ್ಲ ಆಟಕ್ಕೆ ಒದಗುವಂಥವೇ. ಒಂದು ಮಾತ್ರ ಒದಗುವುದಿಲ್ಲ. "ಇವನೇ ನನ್ನ ಗಂಡ" ಎಂದಾಗ ಅವಳ ಹೊಟ್ಟೆಯೊಳಗೆ ಏನೋ ತಣ್ಣಗೆ ಕೆಳಗಿಳಿದು ಕೂತಿತ್ತು. ಭಾರವಾದದ್ದು, ಕದಲದಂಥದ್ದು. ಆಟದಲ್ಲಿ ಹಾಗೆ ಕೂರುವುದಿಲ್ಲ. ರಾದಾಚ ನಗುತ್ತಲೇ ಇಬ್ಬರ ಹಣೆಗೂ ಶಿಲುಬೆ ಎಳೆದಿದ್ದಳು, ಎಳೆಯುವಾಗ ನಗು ನಿಂತಿತ್ತು.

ಈ ವಸಂತದಲ್ಲಿ ಅವನು ಬಂದ. ಕುದುರೆಯಿಲ್ಲ, ಜೊತೆಗೆ ಒಂದು ನರಪಿಳ್ಳೆಯಿಲ್ಲ. ಯಾವನೋ ಸನ್ಯಾಸಿಯಿಂದ ಕಡ ತಂದ ನಿಲುವಂಗಿ, ಗಡ್ಡ ಅಲ್ಲೊಂದು ಇಲ್ಲೊಂದು ತೇಪೆ. ಅವಳು ಮೇಲಿನ ಕಿಟಕಿಯಿಂದ ನೋಡಿದಳು. ಮೊದಲು ಅನ್ನಿಸಿದ್ದು ಪ್ರೀತಿಯಲ್ಲ, ನಾಚಿಕೆ. ರಾಯಭಾರಿಗಳ ಎದುರು ಈ ಮಣ್ಣುಗಾಲಿನವನು ನನ್ನ ಹೆಸರು ಹೇಳುತ್ತಿದ್ದಾನಲ್ಲ ಎಂಬ ನಾಚಿಕೆ. ಆ ನಾಚಿಕೆಯನ್ನು ಅವಳು ಇವತ್ತಿಗೂ ತನಗೆ ತಾನೇ ಕ್ಷಮಿಸಿಲ್ಲ. ತಕ್ಷಣ ಕಿಟಕಿಯಿಂದ ಹಿಂದೆ ಸರಿದದ್ದನ್ನೂ. ಮೆಟ್ಟಿಲ ಮೇಲೆ ಅವನು ಆಣೆಯಿಟ್ಟ: ಇವಳು ನನ್ನ ಹೆಂಡತಿ. ಜೊತೆಗೆ ಆಣೆಯಿಡಲು ಹನ್ನೆರಡು ಜನ ಎಲ್ಲಿ ಎಂದು ಗ್ರುಬೆಶಾ ಕೇಳಿದ. ಇಲ್ಲ ಎಂದ. ಸಹಾಯಕರಿಲ್ಲದವನು ಅವರ ಬದಲಿಗೂ ತಾನೇ ಇಡಬಹುದು, ಕಟ್ಟಳೆ ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಸ್ವಲ್ಪ ಮಾನವಿದ್ದವರು ಒಂದೆರಡು ಕಡಿಮೆ ಬಿದ್ದಾಗ ಮಾತ್ರ ಹಾಗೆ ಮಾಡುವುದು. ತೋಲ್ಯೆನ್ ಹದಿಮೂರು ಸಲ ಇಟ್ಟ. ಐದಾದ ಮೇಲೆ ಮೀನು ಮಾರುವವರು ಎಣಿಸತೊಡಗಿದರು, ಒಂಬತ್ತಕ್ಕೆ ಇಡೀ ಚೌಕವೇ ಎಣಿಸುತ್ತಿತ್ತು, ಹದಿಮೂರಕ್ಕೆ ಯಾರೋ ಶಿಳ್ಳೆ ಹೊಡೆದರು. "ಆವತ್ತು ಎದುರಿಗೆ ಇದ್ದವರು ಯಾರಯ್ಯ, ಅವರನ್ನಾದರೂ ಕರಿ," ಎಂದ ಗ್ರುಬೆಶಾ. ತೋಲ್ಯೆನ್ "ದೇವರು" ಎಂದ. ಜನ ಬಿದ್ದು ಬಿದ್ದು ನಕ್ಕರು. ಕಿಟಕಿಯ ಒಳಗೆ, ಅವಳ ಬೆನ್ನ ಹಿಂದೆ, ರಾದಾಚ ಮಾತ್ರ ನಗಲಿಲ್ಲ. ತನ್ನ ಹೆಸರು ಅವನ ಬಾಯಿಂದ ಬಂದಿದ್ದರೆ ಕೋಟೆಯ ಕೆಳಗಿನ ಕೋಣೆಯಲ್ಲಿ ತನ್ನ ಹಲ್ಲುಗಳ ಗತಿ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು.

ಚಿಕ್ಕಪ್ಪ ಬಾಗಿಲು ತಟ್ಟಿಯೇ ಒಳಗೆ ಬಂದ, ಅವನು ಸಭ್ಯ. ಕೈಯಲ್ಲಿ ಅರ್ಧ ತಿಂದ ಅಂಜೂರ.

"ಎಡಗಾಲಿಗೆ ಒಪ್ಪಿಸಿದೆ ನೋಡು," ಎಂದ ಗೆದ್ದವನ ಹಾಗೆ. "ಮಂಚ ತಿರುಗಿಸಿ ಹಾಕಿದ್ರೆ ಎಡವೇ ಬಲ ಆಗುತ್ತಂತೆ. ಗ್ರುಬೆಶಾನೇ ಹೇಳಿದ. ಓದಿದವರು ಓದಿದವರೇ."

"ಚಿಕ್ಕಪ್ಪ, ನಾನು ಆಣೆ ಇಡದೇ ಇದ್ರೆ?"

ಅವನು ಅಂಜೂರದ ತೊಟ್ಟನ್ನು ಎಲ್ಲಿ ಹಾಕುವುದೆಂದು ಸುತ್ತ ನೋಡಿ ಕೊನೆಗೆ ಜೇಬಿಗೆ ಹಾಕಿಕೊಂಡ. "ನೋಡಮ್ಮ, ನಾನು ನಿನ್ನ ಬಲವಂತ ಮಾಡ್ತಿಲ್ಲ. ಬಲವಂತ ಮಾಡೋಕೆ ಪುರುಸೊತ್ತೂ ಇಲ್ಲ. ಕಡಲಾಚೆಯವರ ಹಡಗು ಹನ್ನೊಂದು ಬಂದು ನಿಂತಿವೆ, ಕಿಟಕೀಲಿ ನೀನೇ ಎಣಿಸ್ಕೊ. ಹೋದ ವರ್ಷ ಉಪ್ಪಿನಹಳ್ಳೀಲಿ ಅವರು ಏನು ಮಾಡಿದ್ರು ಅಂತ ನಿಮ್ಮಪ್ಪ ಹೇಳಿರ್ಬೇಕಲ್ಲ? ಆ ಹುಡುಗ ಒಳ್ಳೇವನೇ. ಒಳ್ಳೇವನಲ್ಲ ಅಂತ ಯಾರು ಹೇಳಿದ್ರು? ಒಳ್ಳೇವನ ಹತ್ರ ಎಷ್ಟು ಭರ್ಜಿ ಇವೆ, ಕೇಳು."

"ಅವನ ಮಾತು ಹೋಗುತ್ತೆ."

"ಮಾತು ತಾನೇ," ಎಂದ ವಿತೋಮಿರ, ನಿಜವಾಗಿಯೂ ಸಮಾಧಾನ ಮಾಡುವ ದನಿಯಲ್ಲಿ. "ನಾಲಗೆ ಇರುತ್ತಲ್ಲ."

ಅವಳು ಅವನಿಗೆ ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ಹೋದ ವಾರ ಗೆರೋಲ್ಡನ ಕಡೆಯ ಇಬ್ಬರು ಸೂಲಗಿತ್ತಿಯರು ಬಂದು ಅವಳನ್ನು ಮಲಗಿಸಿ, ಅವಳ ತಲೆಯ ಮೇಲಿಂದಲೇ ತಮ್ಮ ಭಾಷೆಯಲ್ಲಿ ಬೆಣ್ಣೆಯ ದರ ಮಾತಾಡುತ್ತಾ ಪರೀಕ್ಷೆ ಮಾಡಿ ಹೋಗಿದ್ದರು. ಆಗಲೂ ಹೀಗೇ ಆಗಿತ್ತು. ಎದ್ದು ಕೂತು ಅವರಿಗೆ ಕುಡಿಯಲು ದ್ರಾಕ್ಷಾರಸ ತರಿಸಿದ್ದಳು. ಅದು ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತದೆ, ಮಲಗಿದ್ದಕ್ಕಲ್ಲ, ದ್ರಾಕ್ಷಾರಸಕ್ಕೆ.

ಮಧ್ಯಾಹ್ನದ ಹೊತ್ತಿಗೆ ಬುರಾ ಗಾಳಿ ಎದ್ದಿತು. ಮಲೆಯಿಂದ ಕಡಲಿಗೆ ನುಗ್ಗುವ ಈ ಗಾಳಿ ಬೀಸಿದ ದಿನ ಮಾಡಿದ ಅಪರಾಧಕ್ಕೆ ಊರಿನ ಪಂಚರು ಅರ್ಧ ದಂಡ ಬಿಡುತ್ತಿದ್ದ ಕಾಲವಿತ್ತಂತೆ. ಇಗರ್ಜಿಯ ಮೆಟ್ಟಿಲ ಮೇಲೆ ಹನ್ನೆರಡು ಹೆಂಗಸರು ತಲೆವಸ್ತ್ರ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಎಲ್ಲ ಮಾನವಂತರು, ಎಲ್ಲರ ಮನೆಯವರಿಗೂ ಬಂದರಿನಲ್ಲಿ ಏನಾದರೊಂದು ವ್ಯವಹಾರ ಇತ್ತು. ಸಾಲಿನ ಮೊದಲಿಗೆ ಅವಳ ಅಪ್ಪನ ಸೋದರತ್ತೆ ದೋಬ್ರಾ, ಎರಡು ಕಿವಿಯೂ ಸರಿಯಾಗಿ ಕೇಳದವಳು.

"ಏನಂತ ಆಣೆ ಇಡ್ಬೇಕು ನಾವು?" ದೋಬ್ರಾ ಚೌಕದ ಆಚೆಗೂ ಕೇಳುವಂತೆ ಕೂಗಿದಳು.

"ಹುಡುಗಿ ಇಟ್ಟ ಆಣೆ ಶುದ್ಧ ಅಂತ, ಅಜ್ಜಿ!" ಎಂದಳು ರೊಟ್ಟಿ ಸುಡುವ ವಿಧವೆ.

"ಸದ್ಯ. ಹುಡುಗಿನೇ ಶುದ್ಧ ಅಂತ ಇಡು ಅಂದ್ರೆ ಈಗಿನ ಕಾಲದಲ್ಲಿ ನಾನಂತೂ ಯೋಚ್ನೆ ಮಾಡ್ತಿದ್ದೆ."

ಸಾಲಿನಲ್ಲಿ ನಗು ಹರಿದು ಹೋಯಿತು. ಗ್ರುಬೆಶಾ ಕೆಮ್ಮಿದ. ಸರದಾರ ವೋಲ್ಫ್‌ಹಾರ್ಟ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಭಾಷೆ ಬರದಿದ್ದರೂ ಜನ ನಕ್ಕಾಗ ಒಂದು ಕ್ಷಣ ತಡವಾಗಿ ತಾನೂ ನಗುತ್ತಿದ್ದ. ಕೆಳಗಿನ ಮೆಟ್ಟಿಲಲ್ಲಿ ಇಬ್ಬರು ಕಾವಲುಗಾರರ ನಡುವೆ ತೋಲ್ಯೆನ್. ಕೇಳುವುದು ಅವನ ಹಕ್ಕಾದ್ದರಿಂದ ಕರೆಸಿದ್ದರು. ಅವನು ಅವಳನ್ನು ನೋಡಲಿಲ್ಲ, ತನ್ನ ಪಾದರಕ್ಷೆ ನೋಡುತ್ತಿದ್ದ. ಒಂದು ಹೊಲಿಗೆ ಬಿಟ್ಟಿತ್ತು. ನೋಡಿದರೆ ನಾನು ಇಡಲಾರೆ ಎಂದು ಅವಳು ಅಂದುಕೊಂಡಳು. ಅವನು ನೋಡಲೆಂದು ಕಾದಳು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಅಳುವೆಂದು ತಿಳಿಯುತ್ತಾರಲ್ಲ ಎಂದು ಸಿಟ್ಟಾಗಿ ಒರೆಸಿಕೊಂಡಳು. ಅವನು ನೋಡಲಿಲ್ಲ. ಶಿಲುಬೆ ಬೆಳ್ಳಿಯದು, ತಣ್ಣಗಿತ್ತು, ಎಷ್ಟೋ ಕೈ ತಾಗಿ ತಾಗಿ ಕ್ರಿಸ್ತನ ಮೂಗು ಸವೆದಿತ್ತು. ಅವಳ ಬಾಯಿಂದ ಮಾತು ಹೊರಟಿತು. ಯಾರೋ ಪಕ್ಕದ ಕೋಣೆಯಲ್ಲಿ ಓದುತ್ತಿರುವಂತೆ ಕೇಳಿಸಿತು. ನಾನು ಬುದಿಸ್ಲಾವನ ಮಗಳು ವೆಕೆನೇಗ, ತೋಲ್ಯೆನ್‌ನನ್ನು ಗಂಡನೆಂದು ಯಾವತ್ತೂ ಒಪ್ಪಿಲ್ಲ, ಅವನ ಜೊತೆ ರೊಟ್ಟಿ ಮುರಿದಿಲ್ಲ. ನಡುವೆ ಒಂದೆಡೆ ದನಿ ಬಿದ್ದು ಹೋಯಿತು, "ಗಟ್ಟಿಯಾಗಿ" ಎಂದ ಗ್ರುಬೆಶಾ, ಗಟ್ಟಿಯಾಗಿ ಹೇಳಿದಳು. ಬಲವಂತದ ಮಾತು ಮಾತಲ್ಲ ಎಂದು ಮನಸ್ಸು ಆಗಲೇ ತನ್ನ ಪರ ವಾದ ಹೂಡಿತ್ತು. ಹನ್ನೊಂದು ಹಡಗು, ಚಿಕ್ಕಪ್ಪ, ಉಪ್ಪಿನಹಳ್ಳಿ. ಹೇಳಿದ್ದು ನಾನಲ್ಲ, ಪೊಡ್ಗೋರ. ಅದರ ಹಿಂದೆ ಒಂದು ಸಣ್ಣ ನೆಮ್ಮದಿಯೂ ಇತ್ತು, ಹಲ್ಲು ಕೀಳಿಸಿಕೊಂಡ ಮೇಲಿನಂಥದು.

ಹೆಂಗಸರು ಬಂದರು. ದೋಬ್ರಾ ಶಿಲುಬೆಗೆ ಮುತ್ತನ್ನೂ ಕೊಟ್ಟಳು, ಅದನ್ನು ಯಾರೂ ಕೇಳಿರಲಿಲ್ಲ. ರೊಟ್ಟಿಯ ವಿಧವೆ ಹಿಟ್ಟಿನ ಕೈ ಒರೆಸಿಕೊಂಡು ಇಟ್ಟಳು. ಇಟ್ಟಳು, ಇಟ್ಟಳು, ಶುದ್ಧ, ಶುದ್ಧ. ಎಂಟಾಯಿತು. ಒಂಬತ್ತನೆಯವಳು ರಾದಾಚ. ಅವಳು ಮಾಮೂಲಿನಂತೆ ಸೊಂಟ ಹಿಡಿದುಕೊಂಡು ಎರಡು ಮೆಟ್ಟಿಲು ಹತ್ತಿ ಬಂದು, ಕೈ ಚಾಚಿದಳು. ಕೈ ಶಿಲುಬೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ನಿಂತಿತು.

"ಹೇಳಮ್ಮ," ಎಂದ ಗ್ರುಬೆಶಾ.

ರಾದಾಚ ತನ್ನ ಕೈಯನ್ನೇ ನೋಡಿದಳು.

"ಮರ್ತುಹೋಯ್ತಾ? ಇವಳಿಟ್ಟ ಆಣೆ..."

"ಮರ್ತಿಲ್ಲ," ಎಂದಳು ರಾದಾಚ.

ಅಷ್ಟೇ. ಕೈ ಇಳಿಯಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ತಾನು ಬೆಳಿಗ್ಗೆ ಆಡಿದ್ದೆಲ್ಲ ಅವಳಿಗೆ ನಿಜವೇ ಆಗಿತ್ತು, ಇಲ್ಲಿಗೆ ಬರುವವರೆಗೂ ಇಡುತ್ತೇನೆಂದೇ ಬಂದಿದ್ದಳು, ಅದು ವೆಕೆನೇಗಳಿಗೆ ಆ ಮುಖದಲ್ಲಿ ಕಂಡಿತು. ಮುಖದಲ್ಲಿ ಧೈರ್ಯವೇನೂ ಇರಲಿಲ್ಲ, ತನ್ನ ಕೈ ತನ್ನ ಮಾತು ಕೇಳುತ್ತಿಲ್ಲವೆಂಬ ಬೆರಗಿತ್ತು. ಸಾಲಿನ ಹೆಂಗಸರು ಕಲ್ಲಾದರು. ಹೀಗೇ ಒಬ್ಬಳು ಕಡಿಮೆ ಉಳಿದರೆ ಆಣೆ ಪೂರ್ಣವಾಗುವುದಿಲ್ಲ, ಪೂರ್ಣವಾಗದಿದ್ದರೆ ಶನಿವಾರದ ಮದುವೆಯಿಲ್ಲ. ವೆಕೆನೇಗಳಿಗೆ ಒಮ್ಮೆಗೇ ಎಲ್ಲ ಸರಳವಾಗಿ ಕಂಡಿತು. ಮಾಡಬೇಕಾದದ್ದು ಏನೂ ಇಲ್ಲ. ಸುಮ್ಮನಿದ್ದರಾಯಿತು. ಸತ್ಯ ಹೇಳುವ ಧೈರ್ಯ ತನಗಿಲ್ಲ, ಬೇಡ. ಈ ಮುದುಕಿ ಬಾಗಿಲು ತೆರೆದು ಹಿಡಿದು ನಿಂತಿದ್ದಾಳೆ, ತಾನು ಬಾಯಿ ಮುಚ್ಚಿಕೊಂಡು ದಾಟಿದರೆ ಸಾಕು. ಯಾರೂ ತನ್ನನ್ನು ದೂರಲಾರರು. ತೋಲ್ಯೆನ್ ಇನ್ನೂ ತಲೆ ತಗ್ಗಿಸಿಯೇ ಇದ್ದ, ಆದರೆ ಅವನ ಉಸಿರು ನಿಂತಿದ್ದು ನಿಲುವಂಗಿಯ ಎದೆಯಲ್ಲಿ ಕಾಣುತ್ತಿತ್ತು.

"ಮುದುಕಿಗೆ ಗಾಳಿ ಹೊಡ್ದಿದೆ," ಎಂದ ವಿತೋಮಿರ ಮೆಲ್ಲಗೆ. ಕಾವಲುಗಾರರಲ್ಲಿ ಒಬ್ಬ ಒಂದು ಮೆಟ್ಟಿಲು ಮೇಲೆ ಬಂದ.

"ಒಬ್ಬರು ಕಡಿಮೆ ಬಿದ್ರೆ," ಗ್ರುಬೆಶಾ ಯಾರನ್ನೂ ನೋಡದೆ ಹೇಳಿದ, "ಅವರ ಬದಲಿಗೆ ಮೂಲ ಆಣೆ ಇಟ್ಟವರೇ ಇಡಬಹುದು. ಇಷ್ಟವಿದ್ರೆ. ಒತ್ತಾಯ ಇಲ್ಲ."

ಇಷ್ಟವಿದ್ದರೆ. ಈ ತಿಂಗಳಲ್ಲಿ ಯಾರೂ ಅವಳಿಗೆ ಆ ಮಾತು ಆಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ಸೀನಿದಳು. ದೋಬ್ರಾ "ಏನಂತೆ? ಯಾಕೆ ನಿಂತೋಯ್ತು?" ಎಂದು ಕೂಗಿದಳು. ಸರದಾರ ವೋಲ್ಫ್‌ಹಾರ್ಟ್ ತನ್ನ ದುಭಾಷಿಯ ಕಡೆ ಬಾಗಿ ಏನೋ ಕೇಳಿದ, ದುಭಾಷಿ ಭುಜ ಕುಣಿಸಿದ, ಸರದಾರ ನಕ್ಕ. ಅವನು ನಗುತ್ತಿದ್ದದ್ದು ರಾದಾಚಳ ಚಾಚಿದ ಕೈಯನ್ನು ನೋಡಿ. ಉಗುರಿನ ಸಂದಿಯಲ್ಲಿ ಸೇಜ್ ಎಲೆಯ ಹಸಿರು ಮೆತ್ತಿತ್ತು. ಚೌಕದ ತುಂಬ ಜನ ಅದನ್ನೇ ನೋಡುತ್ತಿದ್ದಾರಲ್ಲ, ಈ ಹೆಂಗಸು ಒಂದು ಮಾತಿಗೆ ಎಲ್ಲರನ್ನೂ ಗಾಳಿಯಲ್ಲಿ ನಿಲ್ಲಿಸಿದ್ದಾಳಲ್ಲ ಎಂದು ವೆಕೆನೇಗಳೊಳಗೆ ಒಂದು ಅಸಹನೆ ಎದ್ದಿತು. ಸಂತೆಯಲ್ಲಿ ಸಾಲು ತಡೆದು ನಿಂತ ಮುದುಕಿಯ ಮೇಲೆ ಏಳುವಂಥದು, ಅದಕ್ಕಿಂತ ದೊಡ್ಡದಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದು, ರಾದಾಚಳ ಕೈಯ ಕೆಳಗಿನಿಂದ ತನ್ನ ಕೈ ತೂರಿಸಿ ಶಿಲುಬೆಯ ಮೇಲಿಟ್ಟು, ಇಡೀ ಆಣೆಯನ್ನು ಮೊದಲಿನಿಂದ ಹೇಳಿದಳು. ಈ ಸಲ ದನಿ ಎಲ್ಲೂ ಬೀಳಲಿಲ್ಲ. ಎಷ್ಟು ಸ್ಪಷ್ಟವಾಗಿತ್ತೆಂದರೆ ಚೌಕದ ಕೊನೆಯಲ್ಲಿ ಯಾರೋ ಭಲೆ ಎಂದರು. ಕೈ ತೆಗೆಯುವಾಗ ನೋಡಿದಳು: ತೋಲ್ಯೆನ್ ತಲೆಯೆತ್ತಿದ್ದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಕೇಳಿಸಿದ್ದು ಸರಿಯಾಗಿ ಕೇಳಿಸಿತೇ ಎಂದು ನೋಡುವವನ ಹಾಗೆ ನೋಡಿ, ಸರಿಯಾಗಿಯೇ ಕೇಳಿಸಿತೆಂದು ಗೊತ್ತಾದವನ ಹಾಗೆ ಮತ್ತೆ ತಗ್ಗಿಸಿದ. ರಾದಾಚ ಪಕ್ಕಕ್ಕೆ ಸರಿದು ಹತ್ತನೆಯವಳಿಗೆ ದಾರಿ ಬಿಟ್ಟಳು.

ಆಣೆ ಪೂರ್ಣವಾಯಿತೆಂದು ಗ್ರುಬೆಶಾ ಬರೆದುಕೊಂಡ. ಶನಿವಾರ ಮದುವೆಯಾಯಿತು, ಸೋಮವಾರ ಭರ್ಜಿಯವರು ಕಣಿವೆ ಇಳಿದರು, ಹನ್ನೊಂದು ಹಡಗುಗಳು ಹೋದವು. ವೆಕೆನೇಗಳ ಜೊತೆ ಮಲೆಯಾಚೆಗೆ ರಾದಾಚಳನ್ನು ಕಳಿಸಲಿಲ್ಲ; ರೊಟ್ಟಿಯ ವಿಧವೆ ಹೋದಳು. ತೋಲ್ಯೆನ್ ಆಮೇಲೆ ಮೂವತ್ತೊಂದು ವರ್ಷ ಬದುಕಿದ. ಅವನ ಮಾತನ್ನು ಯಾರೂ ಎಲ್ಲಿಯೂ ಸ್ವೀಕರಿಸಲಿಲ್ಲ.